ಬಾಸಿಲ್ ಸರ್ ಪಾರ್ಕಿಂಗ್‌ನಲ್ಲಿ ಐಸ್‌ಲ್ಯಾಂಡ್

ಏಳನೇ ತರಗತಿ ಸಿ ವಿಭಾಗದ ಮೂವತ್ತು ಮಕ್ಕಳಲ್ಲಿ ಚೀಟಿ ಎತ್ತುವುದಕ್ಕೆ ಅಕ್ಷಿತಾಳನ್ನು ಕರೆದದ್ದು, ಹಾಜರಿ ಪಟ್ಟಿಯಲ್ಲಿ ಅವಳ ಹೆಸರು ಮೊದಲು ಬರುತ್ತದೆ ಎಂಬ ಒಂದೇ ಕಾರಣಕ್ಕೆ. ಡಿಸೆಂಬರಿನಲ್ಲಿ ಶಾಲೆಯಲ್ಲಿ ದೇಶಗಳ ಹಬ್ಬ. ಒಂದೊಂದು ವಿಭಾಗ ಒಂದೊಂದು ದೇಶದ ಮಳಿಗೆ ಹಾಕಬೇಕು. ಎ ವಿಭಾಗಕ್ಕೆ ಇಟಲಿ ಬಂದಿತ್ತು, ಅಂದರೆ ಪಿಜ್ಜಾ. ಬಿ ವಿಭಾಗಕ್ಕೆ ಜಪಾನ್, ಅಂದರೆ ಬಣ್ಣಬಣ್ಣದ ಬಟ್ಟೆ, ಬೀಸಣಿಗೆ. ಅಕ್ಷಿತಾ ಪ್ಲಾಸ್ಟಿಕ್ ಡಬ್ಬಿಗೆ ಕೈ ಹಾಕಿ ಐಸ್‌ಲ್ಯಾಂಡನ್ನು ಎತ್ತಿದಳು.

ಉಳಿದ ಇಪ್ಪತ್ತೊಂಬತ್ತು ಮಂದಿ ಅವಳನ್ನು ನೋಡಿದ ರೀತಿ ಹೇಗಿತ್ತೆಂದರೆ, ಆಕೆ ಮನೆಗೆ ಬಂದವಳೇ ಕೋಣೆಯ ಬಾಗಿಲು ಹಾಕಿಕೊಂಡಳು. ಮಸ್ಕತ್ತಿನ ಘುಬ್ರಾದ ಆ ಫ್ಲ್ಯಾಟಿನಲ್ಲಿ ಇದ್ದದ್ದು ಎರಡೇ ಕೋಣೆ. ಬಾಗಿಲು ಹಾಕಿದ ಕೋಣೆಯಲ್ಲಿ ಅಜ್ಜಿ ಅಪ್ಪಿ ಮೊದಲೇ ಮಲಗಿದ್ದರಿಂದ ಮೊಮ್ಮಗಳ ಅಳು ಪೂರ್ತಿ ಖಾಸಗಿಯಾಗಿ ಉಳಿಯಲಿಲ್ಲ.

ಅಪ್ಪಿ ಮಲ್ಪೆಯಿಂದ ಮೂರು ತಿಂಗಳ ವಿಸಿಟ್ ವೀಸಾದಲ್ಲಿ ಬಂದವರು. ವಯಸ್ಸು ಎಪ್ಪತ್ತು ದಾಟಿತ್ತು. ಮಗ ಸುಕೇಶ ಘಾಲಾದ ಒಂದು ಗ್ಯಾರೇಜಿನಲ್ಲಿ ರೇಡಿಯೇಟರ್ ಮೆಕ್ಯಾನಿಕ್. ಸೊಸೆ ಹರಿಣಾಕ್ಷಿಗೆ ಒಂದು ಕ್ಲಿನಿಕ್ಕಿನ ರಿಸೆಪ್ಶನ್ನಿನಲ್ಲಿ ಕೆಲಸ. ಹಗಲು ಮನೆಯಲ್ಲಿ ಯಾರೂ ಇಲ್ಲದ್ದರಿಂದ ಅಪ್ಪಿ ಮೊಮ್ಮಗಳು ಬರುವುದನ್ನೇ ಕಾಯುತ್ತಿದ್ದರು. ಮೊಮ್ಮಗಳು ಇಂಗ್ಲಿಷಿನಲ್ಲಿ ಅಳುವುದು ಅವರಿಗೆ ಹೊಸತು.

ಸುಕೇಶ ಸಂಜೆ ಬಂದಾಗ ತಾಯಿ ವರದಿ ಒಪ್ಪಿಸಿದರು. "ಮಗುವಿಗೆ ಶಾಲೆಯಲ್ಲಿ ಒಂದು ದೇಶ ಕೊಟ್ಟಿದ್ದಾರಂತೆ. ಒಳ್ಳೇದಲ್ಲದ ದೇಶ."

"ಯಾವುದು?"

"ಐಸಿನದ್ದೇನೋ. ಮಲ್ಪೆಯಲ್ಲಿ ಮೀನಿಗೆ ಹಾಕ್ತಾರಲ್ಲ, ಅದರದ್ದು."

ಸುಕೇಶ ಕೈ ತೊಳೆಯಲು ಹೋದ. ಅವನ ಕೈ ತೊಳೆಯುವಿಕೆ ಇಪ್ಪತ್ತು ನಿಮಿಷದ ಕಾರ್ಯಕ್ರಮ: ಮೊದಲು ಬಟ್ಟೆ ಸೋಪಿನ ಪುಡಿ, ಆಮೇಲೆ ಲಿಂಬೆ, ಕೊನೆಗೆ ಪರಿಮಳದ ಸಾಬೂನು. ಇಷ್ಟಾದರೂ ಉಗುರಿನ ಅಂಚಿನ ಕಪ್ಪು ಗೆರೆಗಳು ಹೋಗುತ್ತಿರಲಿಲ್ಲ. ಆ ಗೆರೆಗಳ ದೆಸೆಯಿಂದ ಅವನು ಏಳು ವರ್ಷಗಳಲ್ಲಿ ಒಮ್ಮೆಯೂ ಮಗಳ ಶಾಲೆಯ ಗೇಟು ದಾಟಿರಲಿಲ್ಲ. ಪೇರೆಂಟ್ಸ್ ಮೀಟಿಂಗಿಗೆ ಯಾವಾಗಲೂ ಹರಿಣಾಕ್ಷಿಯೇ. ಮಗಳು ಬೇಡ ಎಂದದ್ದಲ್ಲ. ಅವನೇ ಗೇಟಿನ ಹೊರಗೆ ಗಾಡಿಯಲ್ಲಿ ಕುಳಿತು, ಎ.ಸಿ. ಹಾಕಿಕೊಂಡು, "ನೀನು ಹೋಗಿ ಬಾ, ನನಗೆ ಇಂಗ್ಲಿಷ್ ಬರುದಿಲ್ಲ" ಎನ್ನುತ್ತಿದ್ದ. ಇಂಗ್ಲಿಷ್ ಅವನಿಗೆ ಸಾಕಷ್ಟು ಬರುತ್ತಿತ್ತು.

ಊಟಕ್ಕೆ ಕೂತಾಗ ಅಕ್ಷಿತಾ ಫೋನಿನಲ್ಲಿ ಒಂದು ವಿಡಿಯೋ ಹಾಕಿ ಮೇಜಿನ ಮೇಲೆ ಇಟ್ಟಳು, ಸಾಕ್ಷಿ ಹಾಜರುಪಡಿಸುವ ವಕೀಲಳ ಹಾಗೆ. "ನೋಡಿ ಪಪ್ಪ. ಇಷ್ಟೇ ಇರುದು. ನೋ ಫುಡ್, ನಥಿಂಗ್. ಅವರು ಹಳಸಿದ ಶಾರ್ಕ್ ತಿಂತಾರೆ."

"ತಾಟೆ ಒಣಗಿಸಿ ನಾವೂ ತಿಂತೇವೆ" ಅಂದರು ಅಪ್ಪಿ, ಮಲ್ಪೆಯ ಸಣ್ಣ ಶಾರ್ಕನ್ನು ನೆನೆದು.

ಪರದೆಯ ಮೇಲೆ ಬೋಳು ನೆಲ. ನಡುವೆ ಒಂದು ಕೊಳದಂಥ ಹೊಂಡ. ಸುತ್ತ ಟೋಪಿ ಹಾಕಿಕೊಂಡ ಜನ ಕಾಯುತ್ತ ನಿಂತಿದ್ದರು. ಹೊಂಡದ ನೀರು ಒಮ್ಮೆ ಉಬ್ಬಿತು, ತಗ್ಗಿತು, ಮತ್ತೆ ನೀಲಿ ಗುಳ್ಳೆಯಂತೆ ಉಬ್ಬಿ, ತಟ್ಟನೆ ತೆಂಗಿನ ಮರಕ್ಕಿಂತ ಎತ್ತರ ಚಿಮ್ಮಿತು. ಜನ ನಗುತ್ತ ಓಡಿದರು.

ಸುಕೇಶ ತುತ್ತು ಹಿಡಿದ ಕೈಯನ್ನು ಹಾಗೇ ನಿಲ್ಲಿಸಿದ. "ಇನ್ನೊಮ್ಮೆ ಹಾಕು."

ಅವಳು ಹಾಕಿದಳು.

"ಇದು ಎಷ್ಟು ಹೊತ್ತಿಗೊಮ್ಮೆ ಬರ್ತದೆ?"

"ಏಯ್ಟ್, ಟೆನ್ ಮಿನಿಟ್ಸ್."

"ಇದು ರೇಡಿಯೇಟರ್ ಮಗಾ" ಅಂದ ಸುಕೇಶ. "ಒಳಗೆ ಬಿಸಿ ಉಂಟು, ಮೇಲಿನಿಂದ ನೀರಿನ ಭಾರ ಉಂಟು. ಒತ್ತಿ ಹಿಡಿದ್ರೆ ನೀರು ನೂರು ಡಿಗ್ರಿಗೆ ಕುದಿಯುದಿಲ್ಲ. ನೂರಹತ್ತು ಆಗ್ಲಿ, ನೂರಿಪ್ಪತ್ತು ಆಗ್ಲಿ, ಸುಮ್ಮನೆ ಕೂತಿರ್ತದೆ. ಸ್ವಲ್ಪ ಜಾಗ ಸಿಕ್ಕಿತಾ, ಖಲಾಸ್. ಜುಲೈ ತಿಂಗಳಲ್ಲಿ ಬಾ, ಘಾಲಾದಲ್ಲಿ ದಿನಕ್ಕೆ ನಾಲ್ಕು ತೋರಿಸ್ತೇನೆ." ಅವನು ಎಡ ಮೊಣಕೈಯ ಒಳಬದಿಯನ್ನು ತಿರುಗಿಸಿ ಅಲ್ಲಿದ್ದ ಹಳೆಯ ಸುಟ್ಟ ಕಲೆಯನ್ನು ತೋರಿಸಿದ. "ಇದು ಒಂದು ಪ್ರಾಡೊ ಗಾಡಿಯ ರೇಡಿಯೇಟರಿನ ಮುಚ್ಚಳ ತೆಗೆದದ್ದು. ನಾನು ಆಗ ಹೊಸಬ."

ಅಕ್ಷಿತಾ ಕಲೆಯನ್ನೂ ಫೋನನ್ನೂ ನೋಡಿದಳು. ಆಮೇಲೆ, ತುಂಬ ದಿನಗಳ ನಂತರ, ಪೂರ್ತಿ ಕನ್ನಡದಲ್ಲಿ ಒಂದು ಪ್ರಶ್ನೆ ಕೇಳಿದಳು: "ನಮಗೆ ಇದನ್ನು ಶಾಲೆಯಲ್ಲಿ ಮಾಡ್ಲಿಕ್ಕೆ ಆಗ್ತದಾ?"

"ಬಿಸಿ ನೀರು ಬೇಡ" ಅಂದಳು ಹರಿಣಾಕ್ಷಿ, ಕ್ಲಿನಿಕ್ಕಿನಲ್ಲಿ ದಿನವೂ ಸುಟ್ಟಗಾಯದವರ ಹೆಸರು ಬರೆದುಕೊಳ್ಳುವವಳು. ಗಂಡ ಹೆಂಡತಿಯರ ನಡುವೆ ಐಸ್‌ಲ್ಯಾಂಡಿನ ಬಗ್ಗೆ ನಡೆದ ಚರ್ಚೆ ಇಷ್ಟೇ.

ಹೀಗೆ ಆ ಮನೆಯಲ್ಲಿ ಐಸ್‌ಲ್ಯಾಂಡ್ ಶುರುವಾಯಿತು. ದಿನವೂ ಸಂಜೆ ಅಕ್ಷಿತಾ ಓದುವಳು, ಸುಕೇಶ ಅದನ್ನು ತುಳುವಿಗೆ ತರುವನು, ಅಪ್ಪಿ ತೀರ್ಪು ಕೊಡುವರು. ಚಳಿಗಾಲದ ರಾತ್ರಿ ಆಕಾಶದಲ್ಲಿ ನಾರ್ದರ್ನ್ ಲೈಟ್ಸ್ ಎಂಬ ಹಸಿರು ಬೆಳಕು ತೂಗಾಡುತ್ತದೆ, ಹಿಮನದಿಯ ಅಡಿಯಲ್ಲಿ ಬೆಂಕಿ ಕಾರುವ ಪರ್ವತ ಇದೆ ಎಂದಾಗ ಅವರು ಹೆಚ್ಚು ಆಶ್ಚರ್ಯಪಡಲಿಲ್ಲ. ಒಂದು ಪರ್ವತದ ಬಾಯಿಯೇ ನರಕದ ಬಾಗಿಲು ಎಂದು ಹಿಂದಿನವರು ನಂಬಿದ್ದರು ಎಂದಾಗ, "ಬಾಗಿಲು ಅಂದ ಮೇಲೆ ಎಲ್ಲಾದರೂ ಇರಲೇಬೇಕಲ್ಲ" ಅಂದರು. ಕ್ರಿಸ್ಮಸ್ಸಿಗೆ ಹದಿಮೂರು ಮಂದಿ ಪೋಕರಿ ಅಣ್ಣತಮ್ಮಂದಿರು ಬೆಟ್ಟದಿಂದ ಒಬ್ಬೊಬ್ಬರಾಗಿ ಇಳಿದು ಬರುತ್ತಾರೆ, ಒಬ್ಬ ಚಮಚ ನೆಕ್ಕುವವ, ಒಬ್ಬ ಕಿಟಕಿಯಲ್ಲಿ ಇಣುಕುವವ, ಒಬ್ಬ ಬಾಗಿಲು ಬಡಿಯುವವ ಎಂದಾಗ ಮಾತ್ರ ಅವರು ಚಾವಣಿಯ ಕಡೆ ನೋಡಿದರು. ಮೇಲಿನ ಫ್ಲ್ಯಾಟಿನವರು ದಿನವೂ ಬಾಗಿಲು ಬಡಿಯುತ್ತಿದ್ದರು.

ಸಮುದ್ರದ ಕಥೆ ಅವರಿಗೆ ಎಲ್ಲಕ್ಕಿಂತ ಹಿಡಿಸಿತು. ಅಲ್ಲಿ ಕಪ್ಪು ಮರಳಿನ ಒಂದು ತೀರ. ನೀರಿನ ನಡುವೆ ಚೂಪಾದ ಕಲ್ಲಿನ ಕಂಬಗಳು. ಇಬ್ಬರು ದೈತ್ಯರು ಹಡಗೊಂದನ್ನು ದಡಕ್ಕೆ ಎಳೆಯುತ್ತಿದ್ದಾಗ ಬೆಳಗಾಗಿಬಿಟ್ಟಿತಂತೆ. ಆ ದೈತ್ಯರಿಗೆ ಬಿಸಿಲು ತಾಗಿದರೆ ಕಲ್ಲಾಗುತ್ತಾರೆ. ಹಡಗು ಸಮೇತ ಕಲ್ಲಾಗಿ ಅಲ್ಲೇ ನಿಂತಿದ್ದಾರೆ.

"ಮಸ್ಕತ್ತಿಗೆ ಬರಬೇಕಿತ್ತು ಅವರು" ಅಂದರು ಅಪ್ಪಿ. "ಏರ್‌ಪೋರ್ಟಿನಲ್ಲಿಯೇ ಕಲ್ಲಾಗ್ತಿದ್ರು."

ಆ ತೀರದಲ್ಲಿ ಒಂದು ಬೋರ್ಡು ಇದೆ, ಸಮುದ್ರಕ್ಕೆ ಬೆನ್ನು ಹಾಕಬೇಡಿ ಎಂದು ಬರೆದಿದೆ ಎಂದು ಅಕ್ಷಿತಾ ಹೇಳಿದಾಗ ಅಪ್ಪಿ ಎದ್ದು ಕೂತರು. ಅದನ್ನೇ ಅವರ ಅಮ್ಮ ಅವರಿಗೆ ಹೇಳಿದ್ದಳು, ಅವರು ಸುಕೇಶನಿಗೆ ಹೇಳಿದ್ದರು. "ತಿಳಿದ ಜನ" ಎಂದು ಆ ದೇಶಕ್ಕೆ ಅವರು ಪಾಸು ಮಾರ್ಕು ಕೊಟ್ಟರು.

ಕೊನೆಗೆ ಬಂದದ್ದು ಕಲ್ಲಿನ ಕಥೆ. ಐಸ್‌ಲ್ಯಾಂಡಿನಲ್ಲಿ ಕೆಲವು ಬಂಡೆಗಳ ಒಳಗೆ ಕಣ್ಣಿಗೆ ಕಾಣದ ಜನ ಸಂಸಾರ ಮಾಡಿಕೊಂಡಿರುತ್ತಾರಂತೆ. ನಮ್ಮ ಹಾಗೆಯೇ ಬಟ್ಟೆ ಹಾಕುತ್ತಾರೆ, ದನ ಸಾಕುತ್ತಾರೆ. ಅಂಥ ಬಂಡೆಯನ್ನು ಕದಲಿಸಲು ಹೋದರೆ ಯಂತ್ರ ಮುರಿಯುತ್ತದೆ, ಕೋಳಿ ಮೊಟ್ಟೆ ಇಡುವುದು ನಿಲ್ಲಿಸುತ್ತದೆ. ಹಾಗಾಗಿ ಅಲ್ಲಿ ಎಷ್ಟೋ ಕಡೆ ರಸ್ತೆಯೇ ಬಂಡೆಯನ್ನು ಬಳಸಿಕೊಂಡು ಹೋಗುತ್ತದೆ.

"ನಮ್ಮಲ್ಲಿ ನಾಗಬನ ಬಳಸಿಕೊಂಡು ಹೋಗುದಿಲ್ಲವಾ, ಹಾಗೆ" ಅಂದ ಸುಕೇಶ.

"ವಿ ನೀಡ್ ಅ ರಾಕ್, ಪಪ್ಪ" ಅಂದಳು ಅಕ್ಷಿತಾ. "ದೊಡ್ಡದು. ಬ್ಲ್ಯಾಕ್."

ಕಪ್ಪು ಕಲ್ಲು ಎಲ್ಲಿದೆ ಎಂದು ಸುಕೇಶನಿಗೆ ಯೋಚಿಸಬೇಕಾಗಲಿಲ್ಲ. ಗ್ಯಾರೇಜಿನ ಎದುರು ಒಂದು ಇತ್ತು. ಹನ್ನೊಂದು ವರ್ಷಗಳ ಹಿಂದೆ ಪಾಯ ಅಗೆಯುವಾಗ ಸಿಕ್ಕಿದ ಬಂಡೆ, ನಾನೂರು ಕಿಲೋ ಇದ್ದೀತು. ಸಿಕ್ಕಿದಾಗ ಅದು ಕಂದು ಬಣ್ಣದ್ದಾಗಿತ್ತು. ಹನ್ನೊಂದು ವರ್ಷ ಮೆಕ್ಯಾನಿಕ್‌ಗಳು ಅದರ ಮೇಲೆ ಚಹಾಕ್ಕೆ ಕೂತು, ಎದ್ದು, ಎಂಜಿನ್ ಆಯಿಲಿನ ಕೈ ಒರಸಿ ಒರಸಿ ಅದು ಈಗಷ್ಟೇ ಭೂಗರ್ಭದಿಂದ ಹೊರಬಿದ್ದ ಲಾವಾದಂತೆ ಮಿರಿಮಿರಿ ಮಿಂಚುತ್ತಿತ್ತು.

ಗ್ಯಾರೇಜಿನ ಮಾಲೀಕ, ಸುಕೇಶನ ವೀಸಾದ ಹೊಣೆ ಹೊತ್ತ ಕಫೀಲ್, ಸೌದ ಎಂಬ ಬಹ್ಲಾದವನು. ಬಹ್ಲಾ ಎಂದರೆ ಒಮಾನಿನಲ್ಲಿ ಜಿನ್‌ಗಳ, ಅಂದರೆ ಕಣ್ಣಿಗೆ ಕಾಣದ ಭೂತಗಳ, ಊರು ಎಂದೇ ಹೆಸರು. ಆ ತಮಾಷೆಯನ್ನು ಸೌದ ಚಿಕ್ಕಂದಿನಿಂದ ಕೇಳಿ ಬೇಸತ್ತಿದ್ದ. ಆದರೂ ಸುಕೇಶ ಹಿಂದಿಯಲ್ಲಿ ಕಲ್ಲಿನ ಕಥೆ ಹೇಳಿದಾಗ ಅವನು ಆಸಕ್ತಿಯಿಂದ ಗಡ್ಡ ನೀವಿಕೊಂಡ.

"ಒಳಗೆ ಯಾರೂ ಇಲ್ಲ ಅಂತ ಗ್ಯಾರಂಟಿ ಉಂಟಾ?" ಅಂದ.

"ಇಷ್ಟು ವರ್ಷ ನಾವೇ ಅಲ್ಲವಾ ಅದರ ಮೇಲೆ ಕೂತದ್ದು."

"ಕೂತದ್ದು ಬೇರೆ, ಎತ್ತುದು ಬೇರೆ" ಅಂದ ಸೌದ. ಆದರೆ ಕೆಟ್ಟುನಿಂತ ಕಾರುಗಳನ್ನು ಎತ್ತಿ ತರುವ ರಿಕವರಿ ಗಾಡಿಯ ಕೀಲಿ ಕೊಟ್ಟ. ಟಯರಿಗೆ ಗಾಳಿ ತುಂಬುವ ಸಣ್ಣ ಕಂಪ್ರೆಸರನ್ನೂ ಕೊಟ್ಟ. ಬೋರ್ಡಿಗೆ ಅರಬ್ಬಿಯಲ್ಲಿ ಒಂದು ಸಾಲು ಬೇಕು ಎಂದಾಗ ತಾನೇ ಬರೆದುಕೊಟ್ಟ.

ಆ ಬೋರ್ಡಿನ ಬಗ್ಗೆ ಇಲ್ಲೇ ಹೇಳಿಬಿಡಬೇಕು. ಮುಂದಿನದ್ದಕ್ಕೆಲ್ಲ ಅದೇ ಕಾರಣ. ಇಂಗ್ಲಿಷಿನಲ್ಲಿ ಅಕ್ಷಿತಾ ಬರೆದದ್ದು ಸರಿಯಾಗಿತ್ತು: ಐಸ್‌ಲ್ಯಾಂಡಿನ ಜನಪದ ನಂಬಿಕೆಯ ಪ್ರಕಾರ ಎಂದು ಶುರುವಾಗಿ, ಕಾಣದ ಜನರ ಬಗ್ಗೆ ಎರಡು ಸಾಲು. ಹಿಂದಿಯಲ್ಲಿ ಜಾಗ ಸಾಲದೆ ಅವಳು 'ಇಲ್ಲಿ ಅಡಗಿರುವ ಜನ ವಾಸವಾಗಿದ್ದಾರೆ' ಎಂದಷ್ಟೇ ಬರೆದಳು. ಸೌದನ ಅರಬ್ಬಿ ಇನ್ನೂ ಚುಟುಕು: 'ಜಿನ್ ಇದೆ, ಮುಟ್ಟಬೇಡಿ.' ಕನ್ನಡದ ಸಾಲು ಸುಕೇಶನದ್ದು. ಅವನು ಊರಿನ ದೈವಸ್ಥಾನದ ಕಟ್ಟೆಯಲ್ಲಿ ಓದಿದ್ದ ಧಾಟಿಯಲ್ಲಿ ದಪ್ಪ ಅಕ್ಷರದಲ್ಲಿ ಬರೆದ: 'ಈ ಶಿಲೆಯನ್ನು ಕದಲಿಸಿದವರಿಗೆ ಕೇಡು ತಪ್ಪದು.'

ಹಬ್ಬದ ಹಿಂದಿನ ದಿನ, ಬುಧವಾರ ಮಧ್ಯಾಹ್ನ, ಸುಕೇಶ ಏಳು ವರ್ಷಗಳಲ್ಲಿ ಮೊದಲ ಬಾರಿಗೆ ಶಾಲೆಯ ಗೇಟು ದಾಟಿದ, ಅದೂ ರಿಕವರಿ ಗಾಡಿಯಲ್ಲಿ ಕುಳಿತು. ಕೈಯನ್ನು ಪ್ಯಾಂಟಿನ ಜೇಬಿನಲ್ಲಿ ಇಟ್ಟುಕೊಂಡಿದ್ದ. ಗಾಡಿ ಓಡಿಸುತ್ತಿದ್ದವನು ಅದೇ ಗ್ಯಾರೇಜಿನ ಭೋಜರಾಜ, ಹಿರಿಯಡ್ಕದವನು, ಸುಕೇಶನಿಗಿಂತ ಐದಾರು ವರ್ಷ ದೊಡ್ಡವನು. ಅವರನ್ನು ಎದುರುಗೊಂಡವರು ಶಾಲೆಯ ಆಡಳಿತ ನೋಡಿಕೊಳ್ಳುವ ಬಾಸಿಲ್ ಸರ್. ಮಂಗಳೂರಿನ ಬೊಂದೇಲಿನವರು, ಇಸ್ತ್ರಿ ಹಾಕಿದ ಬಿಳಿ ಶರಟು, ಎಲ್ಲದಕ್ಕೂ ಒಂದು ನಮೂನೆ ಫಾರಂ.

"ಕಲ್ಲು ಅಂಗಳದಲ್ಲಿ ಬೇಡ ಮಾರಾಯ್ರೆ, ಟೈಲ್ಸ್ ಒಡೀತದೆ" ಅಂದರು ಅವರು. ನೋಡಿ ನೋಡಿ, ಕೊನೆಗೆ ಬೇವಿನ ಮರದ ಕೆಳಗಿನ ಜಾಗ ತೋರಿಸಿದರು. "ಇದು ನನ್ನ ಪಾರ್ಕಿಂಗ್. ಒಂದು ದಿನಕ್ಕೆ ಅಡ್ಡಿಲ್ಲ. ಇಡಿ."

ಆ ಶಾಲೆಯ ಆವರಣದಲ್ಲಿ ನೆರಳಿದ್ದ ಪಾರ್ಕಿಂಗ್ ಅದೊಂದೇ. ಒಂದು ದಿನಕ್ಕೆ ಎಂದು ಅವರು ಹೇಳಿದ್ದನ್ನು ಕ್ಲಾಸ್ ಟೀಚರ್ ಗ್ಲೋರಿಯಾ ಕೂಡ ಕೇಳಿಸಿಕೊಂಡಿದ್ದರು.

ಗುರುವಾರ ಬೆಳಿಗ್ಗೆ ಐಸ್‌ಲ್ಯಾಂಡ್ ಸಿದ್ಧವಾಯಿತು. ಬಲಕ್ಕೆ ಬೇವಿನ ಮರದ ಕೆಳಗೆ ಕಲ್ಲು, ಬೋರ್ಡು. ಎಡಕ್ಕೆ ಪ್ಲಾಸ್ಟರಿನ ಕಂದು ಗುಡ್ಡ, ಗುಡ್ಡದ ಹೊಟ್ಟೆಯಲ್ಲಿ ಸುಕೇಶ ವೆಲ್ಡ್ ಮಾಡಿದ ನೀರಿನ ಡ್ರಮ್, ಕಂಪ್ರೆಸರ್, ಒಂದು ವಾಲ್ವ್. ಎಂಟು ನಿಮಿಷಕ್ಕೊಮ್ಮೆ ವಾಲ್ವ್ ಒತ್ತಿದರೆ ತಣ್ಣೀರು ಎರಡಾಳೆತ್ತರ ಚಿಮ್ಮಿ ತೊಟ್ಟಿಗೆ ಬೀಳುತ್ತದೆ. ಪಕ್ಕದ ಮಳಿಗೆ ಇಟಲಿ. ಅಲ್ಲಿ ಬಿಳಿ ಬಟ್ಟೆ ಹಾಸಿದ ಮೇಜಿನ ಮೇಲೆ ಹದಿನಾರು ಪಿಜ್ಜಾಗಳು ಸಾಲಾಗಿ ಮಲಗಿದ್ದವು.

ಗುಡ್ಡದ ಹಿಂದೆ, ಯಾರಿಗೂ ಕಾಣದ ಹಾಗೆ ಕುಳಿತದ್ದು ಸುಕೇಶ. ಅದು ಅವನಿಗೆ ಅನುಕೂಲವಾಗಿತ್ತು. ಮೊದಲ ಮೂರು ಚಿಮ್ಮುಗಳು ಸರಿಯಾಗಿ ಬಂದವು. ಮಕ್ಕಳು ಜಪಾನನ್ನು ಬಿಟ್ಟು ಓಡಿ ಬಂದರು. ಅಕ್ಷಿತಾಳ ಸ್ವರ ಹಿಂದಿನಿಂದ ಅವನಿಗೆ ಕೇಳುತ್ತಿತ್ತು, ರೇಡಿಯೇಟರಿನ ಬಗ್ಗೆ ಅವನು ಹೇಳಿದ್ದನ್ನೇ ಅವಳು ಇಂಗ್ಲಿಷಿನಲ್ಲಿ ಹೇಳುತ್ತಿದ್ದಳು.

ನಾಲ್ಕನೆಯದಕ್ಕೆ ಮುಖ್ಯ ಅತಿಥಿ ಬಂದರು. ಸುಕೇಶ ವಾಲ್ವ್ ಒತ್ತಿದ. ಏನೂ ಆಗಲಿಲ್ಲ. ಮತ್ತೆ ಒತ್ತಿದ. ಪೈಪಿನಲ್ಲಿ ಏನೋ ಸಿಕ್ಕಿಕೊಂಡಿತ್ತು, ಕಂಪ್ರೆಸರ್ ಮಾತ್ರ ಗಾಳಿ ತುಂಬುತ್ತಲೇ ಇತ್ತು. ಅವನು ಸ್ವಿಚ್ಚಿನ ಕಡೆ ಕೈ ಚಾಚುವಷ್ಟರಲ್ಲಿ ಸಿಕ್ಕಿಕೊಂಡದ್ದು ತಾನಾಗಿ ಬಿಟ್ಟಿತು.

ಡ್ರಮ್ಮನ್ನು ಸುಕೇಶ ಐದು ಸಲ ತೊಳೆದಿದ್ದ. ಪೈಪಿನ ಒಂದು ತುಂಡು ಮಾತ್ರ ಗ್ಯಾರೇಜಿನ ಹಳೆಯದು, ಅದರ ಮಡಿಕೆಯಲ್ಲಿ ಗಟ್ಟಿಯಾಗಿದ್ದ, ಎಂಜಿನ್ ತಂಪಾಗಿಡಲು ರೇಡಿಯೇಟರಿಗೆ ಹಾಕುವ ಕೂಲೆಂಟ್ ಅವನ ಕಣ್ಣಿಗೆ ಬಿದ್ದಿರಲಿಲ್ಲ. ನೀರು ಬೇವಿನ ಮರಕ್ಕಿಂತ ಎತ್ತರಕ್ಕೆ ಹೋಯಿತು, ಮತ್ತು ಅದು ಹಸಿರಾಗಿತ್ತು. ಗಿಳಿಹಸಿರು. ಬಿಸಿಲಿನಲ್ಲಿ ಹೊಳೆಯುತ್ತ, ಗಾಳಿಯಲ್ಲಿ ಪರದೆಯಂತೆ ಹರಡಿ, ನಿಧಾನವಾಗಿ ಇಟಲಿಯ ಮೇಲೆ ಇಳಿಯಿತು. ಒಂದಿಷ್ಟು ಬಾಸಿಲ್ ಸರ್ ಅವರ ಶರಟಿನ ಮೇಲೆ ಕೂಡ.

ಆಗ ಅಕ್ಷಿತಾ ಮೈಕು ಬಾಯಿಗೆ ಹತ್ತಿರ ಹಿಡಿದು, "ಆ್ಯಂಡ್ ದೀಸ್, ಲೇಡೀಸ್ ಆ್ಯಂಡ್ ಜೆಂಟಲ್‌ಮೆನ್, ಆರ್ ದ ನಾರ್ದರ್ನ್ ಲೈಟ್ಸ್" ಎಂದಳು.

ಚಪ್ಪಾಳೆ ಬಿತ್ತು. ಮುಖ್ಯ ಅತಿಥಿ ಫೋಟೋ ತೆಗೆಯಲು ಹೇಳಿದರು. ಇಟಲಿಯ ಒಬ್ಬ ಹುಡುಗ ಹಸಿರು ಪಿಜ್ಜಾದ ತುಂಡೊಂದನ್ನು ಕುತೂಹಲದಿಂದ ಎತ್ತಿದ. ಅಷ್ಟರಲ್ಲಿ ಗುಡ್ಡದ ಹಿಂದಿನಿಂದ ಸುಕೇಶ ಎದ್ದು ಬಂದ. ಕೂಲೆಂಟ್ ವಿಷ ಎಂದು ಅಲ್ಲಿ ಅವನೊಬ್ಬನಿಗೇ ಗೊತ್ತಿತ್ತು. "ಯಾರೂ ತಿನ್ಬೇಡಿ. ಡೋಂಟ್ ಈಟ್. ಕೋಯೀ ಮತ್ ಖಾವೋ" ಎಂದು ಮೂರು ಭಾಷೆಯಲ್ಲಿ ಕೂಗುತ್ತ, ಹುಡುಗನ ಕೈಯಿಂದ ತುಂಡನ್ನು ಕಸಿದು, ಹದಿನಾರು ಪಿಜ್ಜಾಗಳನ್ನೂ ತನ್ನ ಆ ಕೈಗಳಲ್ಲೇ ಬಾಚಿ ಕಸದ ಚೀಲಕ್ಕೆ ಹಾಕಿ ಬಾಯಿ ಕಟ್ಟಿದ. ಎಲ್ಲ ಮುಗಿದ ಮೇಲೆ ತಲೆ ಎತ್ತಿದರೆ ಇಡೀ ಶಾಲೆ ಅವನನ್ನು ನೋಡುತ್ತಿತ್ತು.

"ಮೈ ಫಾದರ್" ಎಂದಳು ಅಕ್ಷಿತಾ ಮೈಕಿನಲ್ಲಿ. "ಹೀ ಬಿಲ್ಟ್ ಇಟ್." ಮತ್ತೆ ಚಪ್ಪಾಳೆ ಬಿತ್ತು, ಇಟಲಿಯ ಕಡೆಯಿಂದ ಮಾತ್ರ ಬೀಳಲಿಲ್ಲ.

ಬಹುಮಾನ ಜಪಾನಿಗೆ ಹೋಯಿತು. ಸುಕೇಶ ಊರಿನವನೊಬ್ಬನ ಹೋಟೆಲಿನಿಂದ ಎ ವಿಭಾಗಕ್ಕೆ ಅರುವತ್ತು ಗೋಳಿಬಜೆ ತರಿಸಿಕೊಟ್ಟು ಕ್ಷಮೆ ಕೇಳಿದ. ಇಟಲಿ ಅದನ್ನು ತಿಂದು ಕ್ಷಮಿಸಿತು. ಕಥೆ ಇಲ್ಲಿಗೆ ಮುಗಿಯಬೇಕಿತ್ತು, ಕಲ್ಲು ಹೊರಟಿದ್ದರೆ.

ಒಮಾನಿನಲ್ಲಿ ವಾರದ ರಜೆ ಶುಕ್ರವಾರ, ಶನಿವಾರ; ಅದು ಕಳೆದು ಶಾಲೆ ತೆರೆದ ಭಾನುವಾರ ಭೋಜರಾಜ ರಿಕವರಿ ಗಾಡಿ ತಂದ. ಬುಧವಾರ ಕಲ್ಲಿಗೆ ಬೋರ್ಡು ಇರಲಿಲ್ಲ, ಈಗ ಇತ್ತು. ಅವನು ಇಳಿದು ಕನ್ನಡದ ಸಾಲನ್ನು ಓದಿದ. ಇನ್ನೊಮ್ಮೆ ಓದಿದ. "ಸುಕೇಶಾ, ಇದು ಯಾರು ಬರೆದದ್ದು?"

"ನಾನೇ."

"ನೀನು ಬರೆದದ್ದೋ, ನಿನ್ನ ಕೈಯಲ್ಲಿ ಬರೆಸಿದ್ದೋ?"

ಭೋಜರಾಜ ಕಲ್ಲಿಗೆ ಪಟ್ಟಿ ಸುತ್ತಿ, ದೂರ ನಿಂತು ಲಿವರ್ ಎಳೆದ. ಕಲ್ಲು ಒಂದು ಗೇಣು ಮೇಲೆದ್ದಿತು. ಅಷ್ಟಕ್ಕೆ ಕ್ರೇನಿನ ಹೈಡ್ರಾಲಿಕ್ ಹೋಸು ಪಟ್ ಎಂದು ಒಡೆಯಿತು, ಎಣ್ಣೆ ಕಾರಿತು, ಕಲ್ಲು ಮೊದಲಿದ್ದ ಜಾಗದಲ್ಲೇ ಕೂತಿತು.

"ಅದು ಹಳೇ ಹೋಸು ಭೋಜಣ್ಣ. ರಂಜಾನ್‌ನಿಂದ ಬದಲಿಸ್ಬೇಕು ಅಂತ ಇತ್ತು."

"ರಂಜಾನ್‌ನಿಂದ ಇವತ್ತಿನವರೆಗೆ ನೂರು ಗಾಡಿ ಎತ್ತಿದ್ದೇನೆ ಇದರಲ್ಲಿ" ಅಂದ ಭೋಜರಾಜ. ಚಪ್ಪಲಿ ಕಳಚಿ ಕಲ್ಲಿಗೊಂದು ಕೈ ಮುಗಿದ. "ಬರುವ ತಿಂಗಳು ನನ್ನ ತಂಗಿಯ ಮಗಳ ಮದುವೆ. ನನ್ನ ಹತ್ರ ಆಗುದಿಲ್ಲ ಮಾರಾಯ." ಗಾಡಿ ಹತ್ತಿ ಹೋದ.

ಆ ವಾರ ಬಾಸಿಲ್ ಸರ್ ಕಾರನ್ನು ಬಿಸಿಲಿನಲ್ಲಿ ನಿಲ್ಲಿಸಿದರು. ಶಾಲೆಯ ಕೆಲಸದವರಿಗೆ ಕಲ್ಲನ್ನು ನೂಕಲು ಹೇಳಿದರು. ತೋಟದವನು ಮುಟ್ಟಿದ, ಮರುದಿನ ಅವನಿಗೆ ಹಲ್ಲುನೋವು. ಅರಬ್ಬಿ ಓದಬಲ್ಲ ಬಸ್ ಡ್ರೈವರುಗಳು ತಮ್ಮ ಬಸ್ಸುಗಳನ್ನು ಒಂದು ಮಾರು ಆಚೆಗೆ ಸರಿಸಿದರು. ಹಿಂದಿ ಮಾತ್ರ ಓದಬಲ್ಲ ವಾಚ್‌ಮನ್‌ಗೆ ಜಿನ್‌ನ ವಿಷಯ ತಿಳಿಯಲಿಲ್ಲ. ಅಡಗಿರುವ ಜನ ಎಂದರೆ ಗಲ್ಫಿನಲ್ಲಿ ಒಂದೇ ಅರ್ಥ, ವೀಸಾ ಇಲ್ಲದವರು. ಅವನು ಗುಟ್ಟಾಗಿ ಗ್ಲೋರಿಯಾ ಟೀಚರ ಬಳಿ ಬಂದು, "ಮೇಡಂ, ಇಲ್ಲಿ ಎಷ್ಟು ಜನ ಅಡಗಿದ್ದಾರೆ? ಅವರ ಹತ್ತಿರ ರೆಸಿಡೆಂಟ್ ಕಾರ್ಡ್ ಇಲ್ಲದಿದ್ದರೆ ನನ್ನ ಕೆಲಸ ಹೋಗ್ತದೆ" ಎಂದು ಅಲವತ್ತುಕೊಂಡ.

ಬುಧವಾರ ಬಾಸಿಲ್ ಸರ್ ಸಹನೆ ಕಳೆದುಕೊಂಡು ಬೂಟಿನ ತುದಿಯಿಂದ ಕಲ್ಲನ್ನು ಒಮ್ಮೆ ಒದ್ದರು. ಮನೆಗೆ ಹೋಗಿ ಅಡಿಗೆಕೋಣೆಯ ನಲ್ಲಿ ತಿರುಗಿಸಿದರೆ ನಲ್ಲಿಯ ತಲೆ ಕೈಗೇ ಬಂತು. ನೀರು ಮುಖಕ್ಕೆ ಚಿಮ್ಮಿತು, ಆ ಗುಡ್ಡದಿಂದ ಚಿಮ್ಮಿದ ಹಾಗೆಯೇ. ಗುರುವಾರ ಬೆಳಿಗ್ಗೆ ಅವರು ಸುಕೇಶನಿಗೆ ಫೋನು ಮಾಡಿದರು.

"ತಂದವರು ನೀವು. ತಗೊಂಡು ಹೋಗಬೇಕಾದವರೂ ನೀವು. ಒಂದು ದಿನಕ್ಕೆ ಅಂತ ಹೇಳಿದ್ದೆ."

ಸುಕೇಶ ಸೌದನನ್ನು ಕೇಳಿದ. ಕಲ್ಲು ಹೋದ ಮೇಲೆ ಗ್ಯಾರೇಜಿನವರು ಒಂದು ಲ್ಯಾಂಡ್ ಕ್ರೂಸರಿನ ಹಿಂದಿನ ಸೀಟನ್ನು ತಂದು ಹಾಕಿಕೊಂಡಿದ್ದರು. ಅದಕ್ಕೆ ಒರಗು ಇತ್ತು. ಕಲ್ಲು ಯಾರಿಗೂ ಬೇಡವಾಗಿತ್ತು. "ಹೊಸ ಜಾಗ ಅದಕ್ಕೆ ಹಿಡಿಸಿರಬೇಕು" ಅಂದ ಸೌದ. "ಹನ್ನೊಂದು ವರ್ಷ ಬಿಸಿಲಿನಲ್ಲಿತ್ತು, ಈಗ ಬೇವಿನ ನೆರಳು. ನೀನಾಗಿದ್ರೆ ಏಳ್ತಿದ್ಯಾ?"

ಅಂದು ಮಧ್ಯಾಹ್ನ ಸುಕೇಶ ಶಾಲೆಗೆ ಹೋದಾಗ ಜೊತೆಗೆ ಅಪ್ಪಿಯೂ ಹೊರಟರು. ಭೋಜರಾಜನನ್ನೂ, ಸುಮ್ಮನೆ ನೋಡಲಿಕ್ಕೆ ಎಂದು ಮಾತು ಕೊಟ್ಟು, ಕರೆತಂದಿದ್ದರು. ಬೇವಿನ ಮರದ ಕೆಳಗೆ ಬಾಸಿಲ್ ಸರ್, ಗ್ಲೋರಿಯಾ ಟೀಚರ್ ಮತ್ತು ಸಿ ವಿಭಾಗದ ಮೂವತ್ತು ಮಕ್ಕಳು ಸೇರಿದ್ದರು.

"ನಾನು ಇಂಥದ್ದನ್ನೆಲ್ಲ ನಂಬುದಿಲ್ಲ" ಅಂದರು ಬಾಸಿಲ್ ಸರ್. "ಆದ್ರೆ ಮುಟ್ಟುದೂ ಇಲ್ಲ."

"ಎಕ್ಸಾಕ್ಟ್ಲಿ ಸರ್" ಅಂದಳು ಅಕ್ಷಿತಾ. "ಐಸ್‌ಲ್ಯಾಂಡಲ್ಲೂ ಎಲ್ರೂ ಹಾಗೇ ಹೇಳುದು."

"ಅಲ್ಲಿ ಮತ್ತೆ ಎಂತ ಮಾಡ್ತಾರೆ?"

"ಒಬ್ಬರನ್ನು ಕರೆಸ್ತಾರೆ. ಅವರು ಕಲ್ಲಿನ ಹತ್ರ ಮಾತಾಡ್ತಾರೆ."

ಎಲ್ಲರೂ ಅಪ್ಪಿಯ ಕಡೆ ನೋಡಿದರು. ಅಲ್ಲಿದ್ದವರಲ್ಲಿ ಅಂಥ ಕೆಲಸಕ್ಕೆ ತಕ್ಕ ವಯಸ್ಸು ಅವರೊಬ್ಬರಿಗೇ ಇತ್ತು. ಅಪ್ಪಿ ಸೆರಗು ಸಿಕ್ಕಿಸಿ ಕಲ್ಲಿನ ಬಳಿ ಹೋದರು. ಒಂದು ಸುತ್ತು ಬಂದರು. ಅಂಗೈಯಿಂದ ತಟ್ಟಿದರು. ಬಗ್ಗಿ ಮೂಸಿದರು.

"ಇದರಲ್ಲಿ ಯಾರೂ ಇಲ್ಲ" ಅಂದರು. "ಎಣ್ಣೆ ವಾಸನೆ."

ಬಾಸಿಲ್ ಸರ್ ಮುಖ ಅರಳಿತು. ಭೋಜರಾಜ ಮಾತ್ರ ತಲೆ ಅಲ್ಲಾಡಿಸಿದ. "ಅಮ್ಮಾ, ಕಾಣದವರು ಇಲ್ಲ ಅಂತ ನಿಮಗೆ ಹೇಗೆ ಕಂಡಿತು?"

ಎಲ್ಲರೂ ಮತ್ತೆ ಮೊದಲಿನ ಜಾಗಕ್ಕೇ ಬಂದು ನಿಂತಂತಾಯಿತು. ಅಪ್ಪಿ ಮರದ ಬುಡದಲ್ಲಿ ಕುಳಿತು, ಮಕ್ಕಳನ್ನು ತಲೆ ಎಣಿಸುವವರಂತೆ ನೋಡಿದರು.

"ಮೊದಲು ನಮ್ಮಲ್ಲಿ ದೊಡ್ಡ ಬಲೆ ಎಳೆಯುವಾಗ ನೂರು ಜನ ಹಗ್ಗ ಹಿಡೀತಿದ್ರು" ಅಂದರು. ಸುಕೇಶ ಅದನ್ನು ಉಳಿದವರಿಗೆ ಹಿಂದಿಯಲ್ಲಿ ಹೇಳುತ್ತ ಹೋದ. "ಗಂಡಸರು, ಹೆಂಗಸರು, ಮಕ್ಕಳು. ಸಮುದ್ರದ ಹೊಟ್ಟೆಯಿಂದಲೇ ಕಿತ್ತು ತೆಗೆಯುದಲ್ಲವಾ, ಅದಕ್ಕೆ ಸಿಟ್ಟು ಬರುದಿಲ್ಲವಾ? ಬರ್ತದೆ. ಆದ್ರೆ ನೂರು ಜನರಲ್ಲಿ ಯಾರ ಮೇಲೆ ಅಂತ ತೋರಿಸುದು? ಹಂಚಿಕೊಂಡ್ರೆ ಒಬ್ಬೊಬ್ಬರ ಪಾಲಿಗೆ ಒಂದು ಸೀನು, ಒಂದು ಕೆಮ್ಮು. ಅಷ್ಟೇ."

ಭೋಜರಾಜ ಇದನ್ನು ಗಂಭೀರವಾಗಿ ಯೋಚಿಸಿದ. ಅವನ ತುಟಿಗಳು ಲೆಕ್ಕ ಹಾಕುವಂತೆ ಅಲುಗಿದವು. ಕೊನೆಗೆ, "ಅದು ಸರಿ" ಎಂದು ಗಾಡಿಯಿಂದ ಹಗ್ಗ ತಂದ.

ಸುಕೇಶ ಜೇಬಿನಿಂದ ಕೈ ತೆಗೆದು ಕೆಲಸಕ್ಕೆ ಇಳಿದ. ಜ್ಯಾಕು ಕೊಟ್ಟು ಕಲ್ಲನ್ನು ಎರಡು ಬೆರಳಿನಷ್ಟು ಎತ್ತಿದ, ಅಡಿಗೆ ನಾಲ್ಕು ಕಬ್ಬಿಣದ ಪೈಪುಗಳನ್ನು ಸೇರಿಸಿದ, ಹಗ್ಗವನ್ನು ಎರಡು ಸುತ್ತು ಬಿಗಿದ. ಎಲ್ಲಿಗೆ ಎಂಬ ಪ್ರ‍ಶ್ನೆ ಬಂತು. ದೂರ ಬೇಡ, ಪಾರ್ಕಿಂಗ್ ಗೆರೆಯಿಂದ ಆಚೆ, ಗೋಡೆಗೂ ಮರಕ್ಕೂ ನಡುವಿನ ಮೂಲೆಗೆ ಎಂದು ಗ್ಲೋರಿಯಾ ಟೀಚರ್ ತೀರ್ಮಾನಿಸಿದರು. ಅಲ್ಲಿಯೂ ನೆರಳು ಇದೆ, ಒಳಗೆ ಯಾರಾದರೂ ಇದ್ದರೆ ಅವರಿಗೂ ದೂರು ಇರುವುದಿಲ್ಲ.

ಮಕ್ಕಳು ಸಾಲಾಗಿ ಹಗ್ಗ ಹಿಡಿದರು. ಭೋಜರಾಜ ಹಿಡಿದ, ಗ್ಲೋರಿಯಾ ಟೀಚರ್ ಹಿಡಿದರು. ವಾಚ್‌ಮನ್, ಒಳಗಿನವರನ್ನು ಹೊರಹಾಕುತ್ತಿದ್ದಾರೆ ಎಂದುಕೊಂಡು, ಸಂತೋಷದಿಂದಲೇ ಹಿಡಿದ. ಬಾಸಿಲ್ ಸರ್ ದೂರದಲ್ಲಿ ಕೈ ಕಟ್ಟಿ ನಿಂತಿದ್ದರು.

"ಸಾರೇ" ಎಂದು ಕರೆದರು ಅಪ್ಪಿ. "ನೀವು ಒದ್ದದ್ದು ಒಬ್ಬರೇ ಅಂತೆ. ಈ ಹಗ್ಗ ಹಿಡಿದ್ರೆ ಅದೂ ಎಲ್ಲರ ಲೆಕ್ಕಕ್ಕೆ ಸೇರ್ತದೆ."

ಬಾಸಿಲ್ ಸರ್ ಎಡಕ್ಕೊಮ್ಮೆ, ಬಲಕ್ಕೊಮ್ಮೆ ನೋಡಿದರು. ಆಮೇಲೆ ಶರಟಿನ ತೋಳು ಮಡಚಿ ಹಗ್ಗದ ತುದಿಗೆ ಬಂದು ಎರಡೂ ಕೈಗಳಿಂದ ಹಿಡಿದುಕೊಂಡರು.

ಅಪ್ಪಿ ಒಂದು ಕೈ ಮೇಲೆತ್ತಿ, "ಐಲೇಸಾ" ಎಂದು ಎಳೆದರು. ಎಪ್ಪತ್ತು ದಾಟಿದ ಆ ಗಂಟಲಿನಿಂದ ಬಂದ ಸ್ವರಕ್ಕೆ ಎರಡನೇ ಮಹಡಿಯ ಕಿಟಕಿಗಳು ತೆರೆದವು. ಇಂಗ್ಲಿಷ್, ಮಲಯಾಳಂ, ತೆಲುಗು, ಉರ್ದು ಮಾತಾಡುವ ಮೂವತ್ತು ಮಕ್ಕಳು ಅದನ್ನೇ ತಿರುಗಿ ಕೂಗಿದರು. ಪೈಪುಗಳು ಕಿರುಗುಟ್ಟಿದವು. ಕಲ್ಲು ಒಮ್ಮೆ ಯೋಚಿಸಿ, ಉರುಳತೊಡಗಿತು. ಸುಕೇಶ ಹಿಂದಿನ ಪೈಪನ್ನು ತೆಗೆದು ಮುಂದೆ ಹಾಕುತ್ತ ಬಗ್ಗಿಕೊಂಡೇ ಸಾಗಿದ. ಕೈ, ಮುಖ, ಅಂಗಿ ಎಲ್ಲ ಕಪ್ಪು. ಏಳೆಂಟು ನಿಮಿಷದಲ್ಲಿ ಕಲ್ಲು ಮೂಲೆ ಸೇರಿತು. ಬಾಸಿಲ್ ಸರ್ ಓಡಿ ಹೋಗಿ ಕಾರು ತಂದು, ಯಾರಾದರೂ ಮನಸ್ಸು ಬದಲಿಸುವ ಮೊದಲು, ನೆರಳಿನಲ್ಲಿ ನಿಲ್ಲಿಸಿದರು.

"ಬೋರ್ಡು?" ಎಂದು ಕೇಳಿದಳು ಅಕ್ಷಿತಾ.

"ಬೋರ್ಡು ಇರಲಿ" ಅಂದರು ಬಾಸಿಲ್ ಸರ್. "ಇನ್ನು ಯಾರೂ ಕದಲಿಸುದು ಬೇಡ."

ಗ್ಲೋರಿಯಾ ಟೀಚರ್ ಸುಕೇಶನಿಗೆ ನೀರಿನ ಬಾಟಲಿ ಕೊಡುತ್ತ, ಫೆಬ್ರವರಿಯಲ್ಲಿ ವಿಜ್ಞಾನ ಮೇಳ ಇದೆ, ಬಿಸಿ ನೀರಿನ ಒತ್ತಡದ ಬಗ್ಗೆ ಎಂಟನೆಯವರಿಗೆ ಒಂದು ಪಾಠ ಮಾಡಬಹುದೇ ಎಂದು ಕೇಳಿದರು. ಸುಕೇಶ ಬಾಟಲಿಯ ಮೇಲೆ ಮೂಡಿದ ತನ್ನ ಬೆರಳಿನ ಕಪ್ಪು ಗುರುತುಗಳನ್ನು ನೋಡಿಕೊಂಡ. "ಇಂಗ್ಲಿಷಿನಲ್ಲಾ?" ಎಂದು ಕೇಳಿದ. ಹೌದು ಅಂದರು ಟೀಚರ್. "ಆಯ್ತು" ಅಂದ.

ಕೇಡಿನ ವಿಷಯ ಏನಾಯಿತು ಎಂದು ಅಪ್ಪಿ ಮುಂದಿನ ವಾರವಿಡೀ ವಿಚಾರಿಸುತ್ತಲೇ ಇದ್ದರು. ವಾಚ್‌ಮನ್‌ಗೆ ಏನೂ ಆಗಲಿಲ್ಲ. ಭೋಜರಾಜನಿಗೆ ಎರಡು ಸೀನು. ಬಾಸಿಲ್ ಸರ್ ಅವರ ನಲ್ಲಿ ರಿಪೇರಿಯಾಯಿತು, ಮರದ ಮೇಲಿನ ಕಾಗೆಗಳು ಮಾತ್ರ ಅವರ ಕಾರನ್ನು ಮತ್ತೆ ಕಂಡುಹಿಡಿದವು. ಸಿ ವಿಭಾಗದಲ್ಲಿ ಭಾನುವಾರ ಐದು ಮಂದಿ ಜ್ವರ ಎಂದು ಗೈರುಹಾಜರಾಗಿದ್ದರು.

"ಐದೇ?" ಅಂದರು ಅಪ್ಪಿ, ಸ್ವಲ್ಪ ನಿರಾಸೆಯಿಂದ.

"ಮ್ಯಾಥ್ಸ್ ಟೆಸ್ಟ್ ಇತ್ತು ಅಜ್ಜಿ" ಅಂದಳು ಅಕ್ಷಿತಾ. "ಟೆಸ್ಟ್ ದಿನ ಯಾವಾಗ್ಲೂ ಎಂಟು ಮಂದಿಗೆ ಜ್ವರ ಇರ್ತದೆ."